ಫಲಕದ ಹಿಂದಿನ ಚೀಟಿ

ಅಡಿಲೇಡ್, ೬ ಅಕ್ಟೋಬರ್ ೧೯೮೧

ಅಕ್ಷರ ಸೊಟ್ಟ, ಕಾಗುಣಿತ ತಪ್ಪು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಯಾರೂ ಓದುವುದಿಲ್ಲ, ಆದರೂ ಕ್ಷಮೆ ಇರಲಿ.

ನಾಳೆ ಆಯುಧಪೂಜೆ. ಬೆಳಿಗ್ಗೆಯಿಂದ ಹಿತ್ತಾಳೆ, ತಾಮ್ರ ತಿಕ್ಕಿದ್ದೇ ತಿಕ್ಕಿದ್ದು. ಭಾವ ಹೋದ ವಾರ ಹರಾಜಿನಲ್ಲಿ ತಂದ ಫಲಕವನ್ನೂ ಚೌಕಟ್ಟಿನಿಂದ ಬಿಚ್ಚಿದೆ. ತಾಮ್ರದ ತಗಡಿನ ಮೇಲೆ ಗಾಜಿನ ಪುಡಿ ಬಳಿದು ಸುಟ್ಟ ಚಿತ್ರವಂತೆ — ಎನಾಮಲ್. ಫ್ರಾನ್ಸಿನದು, ನಾನೂರು ವರ್ಷ ಹಳೆಯದು. ಕಡುನೀಲಿಯಲ್ಲಿ ಒಬ್ಬ ತಾಯಿ, ತೊಡೆಯ ಮೇಲೆ ಸತ್ತ ಮಗ. ಮುಂದೆ ಮೆಲ್ಲಗೆ ಒರೆಸಿದೆ. ಹಿಂದೆ ಕೊಳಕು ಚೀಟಿಗಳು, ಅರಗಿನ ಮುದ್ರೆ. ಬಿಸಿನೀರು, ಹುಣಸೆಹಣ್ಣು ಹಾಕಿ ಎಲ್ಲ ಕೆರೆದು ತೆಗೆದೆ. ಮತ್ತೆ ಚೌಕಟ್ಟು ಹಾಕಿ ಗೋಡೆಗೆ.

"ಹೊಸದರ ಹಾಗಾಯ್ತಲ್ಲೇ ಇಂದಿರಾ" ಅಂದರು ವಿಶಾಲಾಕ್ಷಿ ಅಕ್ಕ.

೧೧ ಅಕ್ಟೋಬರ್, ಭಾನುವಾರ

ಪಕ್ಕದ ಮನೆಯ ಮಿಸೆಸ್ ಕ್ಲೈನ್ ಕಾಫಿಗೆ ಬಂದಿದ್ದರು. ಒಬ್ಬರೇ ಇರುವ ವಿಯೆನ್ನಾದ ಅಜ್ಜಿ. ಫಲಕ ಕಂಡು ಕಾಫಿ ಬಿಟ್ಟು ಗೋಡೆಯ ಹತ್ತಿರ ಹೋದರು. "ಮೈ ಪಪ್ಪಾ... ಮೈ ಪಪ್ಪಾ..." ಉಳಿದದ್ದನ್ನು ಅಕ್ಕ ಬಿಡಿಸಿ ಹೇಳಿದರು. ಅವರ ತಂದೆಯದಂತೆ. ಯುದ್ಧಕ್ಕೆ ಮುಂಚೆ ನಾಜಿಗಳು ಮನೆಗೆ ನುಗ್ಗಿ ಕಿತ್ತುಕೊಂಡು ಹೋದರಂತೆ. ಫಲಕದ ಹಿಂದೆ ತಂದೆಯ ಹೆಸರಿನ ಚೀಟಿ ಇದೆಯಂತೆ, ನಂಬರ್ ಹದಿನಾಲ್ಕು.

"ಚೀಟಿ ಇದ್ರೆ ಈಗ್ಲೇ ತಗೊಂಡ್ಹೋಗ್ಲಿ" ಅಂದರು ಭಾವ. ಚೌಕಟ್ಟು ಬಿಚ್ಚಿ ತಿರುಗಿಸಿದರು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಬಿಸ್ಕೆಟ್ ತಟ್ಟೆ ಹಿಡಿದು ನಿಂತಿದ್ದೆ. ತಟ್ಟೆ ಹಿಡಿದೇ ಅಡಿಗೆಮನೆಗೆ ಹೋದೆ.

೧೪ ಅಕ್ಟೋಬರ್

ಊಟಕ್ಕೆ ಕೂತಾಗ ಭಾವ: "ಪಾಪ, ಮಿಸೆಸ್ ಕ್ಲೈನ್‌ಗೆ ಅರಳುಮರಳು ಶುರುವಾಗಿದೆ. ಪರ್ತ್‌ನಲ್ಲಿರೋ ಅವರ ಮಗಳಿಗೆ ಫೋನ್ ಮಾಡ್ದೆ. ಡಾಕ್ಟರ್ ಆಗಿ ಸುಮ್ನಿರಕ್ಕಾಗಲ್ಲ."

ಅಕ್ಕ ನನ್ನ ತಟ್ಟೆ ನೋಡಿ, "ನಿನ್ನ ಅಡಿಗೆ ನೀನೇ ತಿನ್ನಲ್ವೇನೇ? ಶಿಕ್ಷೆ ನಮಗೆ ಮಾತ್ರಾನಾ?" ಅಂದು ನಕ್ಕರು.

ಅಡಿಗೆಗೆಂದು ಕರೆಸಿಕೊಂಡವರು; ಹೇಳಿದರೆ ತಿಪಟೂರಿಗೆ ವಾಪಸ್ ಕಳಿಸುತ್ತಾರೆ. ಅಲ್ಲಿ ನನಗೆ ಯಾರಿದ್ದಾರೆ... ನಾಳೆ ಹೇಳುತ್ತೇನೆ.

೧೫ ಅಕ್ಟೋಬರ್

ಹೇಳಲಿಲ್ಲ.

೨ ನವೆಂಬರ್

ಮಗಳು ಬಂದು ಅಜ್ಜಿಯನ್ನು ಕರೆದುಕೊಂಡು ಹೋದಳು. ಮನೆ ಮಾರಾಟಕ್ಕಿದೆ. ಕಾರು ಹತ್ತುವಾಗ ಮಿಸೆಸ್ ಕ್ಲೈನ್ ನನ್ನ ಕೆನ್ನೆ ಸವರಿದರು. ತಮ್ಮ ಹಣೆ ಮುಟ್ಟಿಕೊಂಡು, "ಓಲ್ಡ್ ಹೆಡ್. ನೋ ಗುಡ್" ಅಂದರು. ನಕ್ಕರು.

೨೦ ನವೆಂಬರ್

ಮಗಳಿಂದ ಭಾವನಿಗೆ ಕಾರ್ಡ್ ಬಂತು. ಅಮ್ಮನನ್ನು ವೃದ್ಧರ ಹೋಮ್‌ಗೆ ಸೇರಿಸಿದೆ, ಥ್ಯಾಂಕ್ಸ್ ಅಂತ. ಕೇಳಿ ತಡೆಯಲಾಗಲಿಲ್ಲ. ಹೇಳಿಬಿಟ್ಟೆ.

ಭಾವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಚೀಟೀಲಿ ಏನ್ ಬರೆದಿತ್ತು? ಜ್ಞಾಪಕ ಇದೆಯಾ?" ಇಂಗ್ಲಿಷ್ ಅಕ್ಷರ. ನೋಡಿದ್ದೆ, ಓದಲು ಬರುತ್ತಿರಲಿಲ್ಲ.

ಕೂಡಲೇ ಪರ್ತ್‌ಗೆ ಫೋನ್. ಮಗಳ ಜೊತೆ, ಹೋಮ್‌ನಲ್ಲಿದ್ದ ಮಿಸೆಸ್ ಕ್ಲೈನ್ ಜೊತೆ, ಇಬ್ಬರ ಜೊತೆಗೂ ಮಾತಾಡಿದರು. ಇಟ್ಟ ಮೇಲೆ, "ಅವರೇ ಬೇಡ ಅಂತಾರೆ ಕಣಮ್ಮ. ಪಪ್ಪನ ಮನೇಲಿ ಅಂಥದ್ದು ಇರ್ಲೇ ಇಲ್ವಂತೆ. ತಾನೇ ಏನೋ ಕಲ್ಪಿಸ್ಕೊಂಡೆ ಅಂತಾರೆ."

"ಚೀಟಿ ಇತ್ತು ಅಂತ ಹೇಳ್ಲಿಲ್ವಾ ಭಾವ?"

"ಹೇಳ್ದೆ. ಸಮಾಧಾನಕ್ಕೆ ಹೇಳ್ತಿದೀರ ಡಾಕ್ಟ್ರೇ, ಅಂದ್ರು. ಮತ್ತೆ ಆ ಮಾತು ಎತ್ಬೇಡಿ ಅಂದ್ಳು ಮಗಳು."

೨೧ ನವೆಂಬರ್, ಬೆಳಿಗ್ಗೆ

ಅಕ್ಕ, ಭಾವ ಏಳುವ ಮುಂಚೆ ಫಲಕ ಇಳಿಸಿದೆ. ಈ ಪುಸ್ತಕದ ಒಂದು ಹಾಳೆ ಹರಿದು ಬರೆದೆ — ಇದು ಮಿಸೆಸ್ ಕ್ಲೈನ್ ಅವರ ತಂದೆಯದು. ನಂಬರ್ ೧೪. ಚೀಟಿ ತೊಳೆದವಳು ಇಂದಿರಾ. ತಂದೆಯ ಹೆಸರು ಗೊತ್ತಿಲ್ಲ, ಅಲ್ಲಿ ಜಾಗ ಬಿಟ್ಟೆ. ಅನ್ನದ ಅಗುಳು ಹಿಸುಕಿ ಹಿಂದೆ ಅಂಟಿಸಿದೆ. ಒಣಗುವ ತನಕ ಅಂಗೈ ಒತ್ತಿ ಹಿಡಿದು ಕೂತೆ.