ಹಿಡ್ಕೋ, ಏಳಾಕತ್ತೇನಿ

ಪುಂಡಲೀಕಾ, ಹೆಸರಿಗೆ ತಕ್ಕ ಪುಂಡಾ,

ನೀನು ಪಿತೃಪಕ್ಷ ಸೇರಿದ ಮೇಲೆ ಇವತ್ತೇ ಮೊದಲು ರಾಣೆಬೆನ್ನೂರು ಸ್ಟೇಶನ್ ಮುಂದಿನ ಚಹಾದಂಗಡಿಗೆ ಹೋಗಿದ್ದೆ. ನಾಲ್ಕೂ ಕಾಲು ನಡುವೆಯೇ ಇರುವ ನಮ್ಮ ಬೆಂಚು ಹಾಗೇ ಐತಿ: ಒಂದು ತುದಿಯವನು ಎದ್ದರೆ ಇನ್ನೊಂದು ತುದಿಯವನು ನೆಲಕ್ಕೆ. ನಿನ್ನ ಜಾಗದಲ್ಲಿ ನಿನ್ನ ಹಳೇ ಪಕ್ಷದ ಮೈಲಾರಲಿಂಗ ಕೂತಿದ್ದ.

“ದೇಶ ಹಾಳಾಗಿದ್ದು ನಿಮ್ಮಂಥವರಿಂದ” ಅಂದ. ನಾನೂ ಬೈದೆ. ಸಿಟ್ಟಿನಿಂದ ಏಳಹೋದವನು ತಡೆದುಕೊಂಡು, “ಹಿಡ್ಕೋರಿ ಕಾಕಾ, ಏಳಾಕತ್ತೇನಿ” ಅಂದ.

“ಯಾರು ಕಲಿಸಿದ್ರೋ ಇದನ್ನ?”

“ಪುಂಡಲೀಕಣ್ಣ. ಎದುರು ಪಕ್ಷದಾಂವ ಬಿದ್ದು ಸೊಂಟ ಮುರಕೊಂಡ್ರ ನಾಳೆ ಜಗಳಕ್ಕ ಯಾರು ಬರ್ತಾರ ಅಂತಿದ್ರು.”

ಚುನಾವಣೆಯ ಜಗಳದಲ್ಲಿ ನಾನೂ ನೀನೂ ಮಾತು ಬಿಟ್ಟೆವಲ್ಲ, ಆ ನಾಳೆ ಬರಲೇ ಇಲ್ಲ.

ಮೈಲಾರಲಿಂಗ ಎದ್ದು ಹೋದ ಮೇಲೆ ಬೆಂಚಿನ ನಡುವಿಗೆ ಸರಿದು ಒಬ್ಬನೇ ಚಹಾ ಮುಗಿಸಿದೆ. ಬೀಳುವವರು ಯಾರೂ ಇರಲಿಲ್ಲ. ಆದರೂ ಏಳುವಾಗ ಬಾಯಿಗೆ ಬಂತು: “ಹಿಡ್ಕೋ ಪುಂಡಾ.”