ಉಪ್ಪಿನ ಕಪಾಟಿನ ಬೀಗ

ಚಿಕ್ಕೀ,

ನಾನು ಬೆಳಗಿನ ಪಾಳಿಗೆ ಹೊರಟೆ. ನೀನು ಎದ್ದ ಕೂಡಲೇ ಉಪ್ಪಿನ ಕಪಾಟಿನ ಬೀಗ ತೆಗೆ. ಕೀಲಿ ನಿನ್ನ ಹತ್ತಿರವೇ ಇದೆ, ಹುಡುಕಾಡುವ ನಾಟಕ ಬೇಡ.

ಇವತ್ತಿನಿಂದ ಮೂರು ದಿನ ಅಪ್ಪ ಚೆನ್ನಾಗಿ ಉಪ್ಪು ತಿನ್ನಬೇಕು, ಪರೀಕ್ಷೆಗೆ. ಮೂರನೆಯ ದಿನದ ಮೂತ್ರವೆಲ್ಲ ಬಚ್ಚಲಲ್ಲಿಟ್ಟಿರುವ ಬಿಳಿ ಕ್ಯಾನಿಗೆ. ಒಳಗೆ ಲ್ಯಾಬಿನವರು ಔಷಧಿ ಹಾಕಿದ್ದಾರೆ, ಅದನ್ನು ತೊಳೆದಿಡಲು ಹೋಗಬೇಡ ಮಹಾರಾಯ್ತಿ. ಪೊಟ್ಯಾಸಿಯಂ ಮಾತ್ರೆ ಊಟದ ಜೊತೆ ಕೊಡು. ತಲೆನೋವು ಅಂದರೆ ತಕ್ಷಣ ಫೋನು ಮಾಡು.

ನಿನ್ನೆ ಡಾಕ್ಟರು ಹೇಳಿದರು, ಕಿಡ್ನಿಯ ಮೇಲಿನ ಗ್ರಂಥಿಯಲ್ಲಿ ಬಟಾಣಿಯಷ್ಟು ಗಡ್ಡೆ ಇದೆಯಂತೆ. ಮೈಯಲ್ಲಿ ಉಪ್ಪು ಹಿಡಿದಿಡುವ ಅಲ್ಡೋಸ್ಟೆರಾನ್ ಎಂಬ ಹಾರ್ಮೋನನ್ನು ಅದು ಯಾರ ಮಾತೂ ಕೇಳದೆ ಸುರಿಸುತ್ತಿದೆಯಂತೆ. ಉಪ್ಪು ಜಾಸ್ತಿ ತಿಂದರೂ ಅದು ತಗ್ಗುವುದಿಲ್ಲ ಎಂದು ಖಚಿತಪಡಿಸಿಕೊಳ್ಳಲು ಈ ಪರೀಕ್ಷೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಬಿಪಿ ಇಳಿಯದಿದ್ದದ್ದು, ಬಟ್ಟೆ ಕತ್ತರಿಸುವಾಗ ಅಪ್ಪನ ಕೈಯಿಂದ ಕತ್ತರಿ ಜಾರುತ್ತಿದ್ದದ್ದು, ಎಲ್ಲ ಅದರಿಂದ. ಅಪ್ಪ ಉಪ್ಪು ಕದ್ದು ತಿಂದದ್ದರಿಂದಲ್ಲ.

ಆರು ವರ್ಷ ಸಪ್ಪೆ ಊಟ ಮಾಡಿ, ಕದ್ದು ತಿಂದಿಲ್ಲ ಎಂದು ಆಣೆ ಇಟ್ಟು ಹೇಳಿದರು. ನಾವು ನಂಬಲಿಲ್ಲ. ಸಾಯುವ ವಾರವೂ ಅಮ್ಮ, "ನಿಮ್ಮಪ್ಪನ ಮೇಲೆ ಒಂದು ಕಣ್ಣಿಟ್ಟಿರ್ರೇ" ಅಂದಿದ್ದಳು. ಅವಳಿಗೆ ಇನ್ನು ಯಾರು ಹೇಳುವುದು?

ಬೀಗ ತಂದವಳು ನಾನು, ಹಾಕಿದವಳು ನೀನು. ತಪ್ಪು ನಿನ್ನೊಬ್ಬಳದೇ ಅನ್ನುತ್ತಿಲ್ಲ.

ಆದರೆ ನಿನ್ನೆ ನೀನು ಬರುವ ಮುಂಚೆ, ಪಕ್ಕದ ಮನೆಯಿಂದ ಉಪ್ಪು ತಂದು ಬಡಿಸಲು ಹೋದೆ. ಅಪ್ಪ ತಟ್ಟೆಗೆ ಕೈ ಅಡ್ಡ ಹಿಡಿದು, "ಬೇಡಮ್ಮಾ, ಚಿಕ್ಕಿ ನೋಡಿದ್ರೆ ಬೈತಾಳೆ" ಅಂದರು. ಎಷ್ಟು ಹೇಳಿದರೂ ಕೈ ತೆಗೆಯಲಿಲ್ಲ.

ನೀನೇ ಬಡಿಸಬೇಕು.

ಅಕ್ಕ