ಏಳು ತುಂಬಿದ ಮಕ್ಕಳು

ಆಗಸ್ಟ್ 21, 1951, ಮಂಗಳವಾರ

ಮತ್ತೊಂದು ಮಿಷನ್ ಮೀಟಿಂಗ್. ಮಂಗಳವಾರಕ್ಕೇ ಎರಡಾಯಿತು. ಅದೇ ಸ್ಲೈಡುಗಳು — ಆಸ್ಪತ್ರೆ, ಭತ್ತದ ಗದ್ದೆ, ಮಣ್ಣಿನ ಚರ್ಚು. ಮಡಗಾಸ್ಕರ್ ಎಂದರೆ ಇಷ್ಟೇ ಎಂಬಂತೆ. ಸಿವರ್ಟ್ ಮಾತಾಡುತ್ತಾನೆ, ನಾನು ಸ್ಲೈಡು ಬದಲಿಸುತ್ತೇನೆ. ಗಂಡ ಬೋಧಕನಾದರೆ ಹೆಂಡತಿಗೆ ಈ ಕೆಲಸ. ಇವತ್ತು ಚರ್ಚು ತಲೆಕೆಳಗಾಗಿ ಬಂತು. ಹೆಂಗಸರು ಹೆಣಿಗೆಯಿಂದ ತಲೆ ಎತ್ತಿದರೆ ತಾನೆ ಗೊತ್ತಾಗುವುದು.

ಎಂಟೂವರೆ ತಿಂಗಳಾಯಿತು. ಕಾಲು ಕುಂಬಳಕಾಯಿಯಾಗಿದೆ. ಹೋದ ಸಲ ಅಲ್ಲಿ ಮಗು ಕೈಗೆ ಹತ್ತಲಿಲ್ಲ. ಈ ಸಲ ನಾರ್ವೆಯಲ್ಲೇ ಹೆರಬೇಕು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿ ಹಡಗು ಹತ್ತಿಸಿದರು. ಈಗ ಅತ್ತೆಯ ಮನೆ. ಎಲ್ಲರೂ ‘ಊರಿಗೆ ಬಂದಿರಿ’ ಅನ್ನುತ್ತಾರೆ. ಮಡಗಾಸ್ಕರ್‌ನಲ್ಲೇ ಹುಟ್ಟಿದ ಮಕ್ಕಳಿಬ್ಬರಿಗೂ ಇದು ಪರವೂರು. ಗುಡ್ರುನ್ ಎರಡು ಸ್ವೆಟರ್ ಹಾಕಿಕೊಂಡು ಕಿಟಕಿಯ ಹತ್ತಿರ ಕೂತು ಕೇಳುತ್ತಾಳೆ: “ಮನೆಗೆ ಯಾವಾಗ ಹೋಗೋದು?”

ಅವಳು ಹೋಗುವುದಿಲ್ಲ. ಇನ್ನೂ ಹೇಳಿಲ್ಲ. ಏಳು ತುಂಬಿದ ಮಕ್ಕಳನ್ನು ವಾಪಸು ಕರೆದೊಯ್ಯುವ ಪದ್ಧತಿಯಿಲ್ಲ. ಪಟ್ಟಣದಲ್ಲಿ ಮಿಷನ್ನಿನ ಮಕ್ಕಳ ಮನೆ ಇದೆ, ಪಕ್ಕದಲ್ಲೇ ಶಾಲೆ. ಅಪ್ಪ ಅಮ್ಮ ಆರೇಳು ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಎಲ್ಲರೂ ಹೀಗೇ ಮಾಡಿದ್ದಾರೆ. ಗುಡ್ರುನ್‌ಗೆ ಜೂನ್‌ನಲ್ಲಿ ಏಳಾಯಿತು. ರಗ್ನಾಗೆ ಇನ್ನೂ ಐದು.

ಆಗಸ್ಟ್ 23

ಮಹಿಳಾ ಸಂಘ. ಕಾಫಿ, ದೋಸೆಯಂಥ ವಾಫಲ್, ಮೇಲೆ ಜಾಮ್. ಅಧ್ಯಕ್ಷೆ ತೆನ್ನೆಸನ್ ಬಾಯಿ ಒರೆಸಿಕೊಂಡು ಎದ್ದು ನಿಂತರು.

“ನಮ್ಮ ಇಂಗೆಬೋರ್ಗ್ ಹಿರಿಮಗಳನ್ನ ಇಲ್ಲೇ ಬಿಟ್ಟು ಹೋಗ್ತಿದಾರೆ. ದೇವರ ಕೆಲಸಕ್ಕೆ ಕೊಡ್ತಿದಾರೆ. ಸಂತೋಷದಿಂದ ತಾನೆ, ಇಂಗೆಬೋರ್ಗ್?”

ಹಾಗೆ ಕೇಳುವುದು ವಾಡಿಕೆ. ಹೌದೆನ್ನುವುದೂ ವಾಡಿಕೆ.

“ಸಂತೋಷದಿಂದ,” ಎಂದೆ. ಬೇಗ ಮನೆಗೆ ಹೋಗಿ ಕಾಲು ಚಾಚಬೇಕಿತ್ತು, ಅಷ್ಟೇ.

ಆಮೇಲೆ ಕಂಡೆ — ಒಲೆಯ ಪಕ್ಕದ ಸ್ಟೂಲಿನ ಮೇಲೆ ಗುಡ್ರುನ್. ಯಾರದೋ ನೂಲಿನ ಉಂಡೆ ಹಿಡಿದುಕೊಂಡಿದ್ದಳು. ಹೊರಗೆ ಆಡುತ್ತಿದ್ದಾಳೆ ಅಂದುಕೊಂಡಿದ್ದೆ.

ಮನೆಯ ಗೇಟಿನ ಹತ್ತಿರ ಬಂದಾಗ ಅಂದಳು: “ಸಂತೋಷದಿಂದ ಅಂದ್ಯಲ್ಲಮ್ಮ.”

ಆಗಸ್ಟ್ 24

ಸಮಜಾಯಿಷಿ ಕೊಡಲು ಹೋದೆ. ಕೇಳಿದಳು, ತಲೆಯಾಡಿಸಿದಳು, ಆಲೂಗಡ್ಡೆ ಸುಲಿಯುತ್ತಾ ಕೂತಳು. ಕೂಗಾಡಿದ್ದರೆ ಚೆನ್ನಾಗಿತ್ತು.

ಅತ್ತೆ ಬೆರ್ಟೆಗೆ ಸುದ್ದಿ ಮುಟ್ಟಿದೆ. ಮೀನು ಕೊಯ್ಯುತ್ತಲೇ ಶುರು ಮಾಡಿದರು.

“ಸಂತೋಷವಂತೆ ಸಂತೋಷ! ಹಲ್ಲು ಕೀಳಿಸ್ಕೊಂಡಾಗ್ಲೂ ಹಾಗೇ ಅನ್ನು, ತೆನ್ನೆಸನ್ ಇನ್ನೊಂದು ವಾಫಲ್ ಹಾಕ್ತಾಳೆ.”

“ನೀವೇ ಮಗನ್ನ ಮಿಷನ್ನಿಗೆ ಕೊಟ್ಟವರಲ್ವಾ ಅತ್ತೆ?”

“ಕೊಟ್ಟಾಗ ಅವನಿಗೆ ಇಪ್ಪತ್ನಾಲ್ಕು, ಮಾರಾಯ್ತಿ. ಮೂಗು ತಾನೇ ಒರೆಸ್ಕೊತಿದ್ದ.” ಮೀನಿನ ತಲೆ ಬದಿಗೆ ತಳ್ಳಿ, “ನನ್ನ ಹತ್ರ ಬಿಡು ಅನ್ನೋಣ ಅಂದ್ರೆ ಎಪ್ಪತ್ತಾರಾಯ್ತು. ಧೈರ್ಯ ಸಾಲಲ್ಲ.”

ಸೆಪ್ಟೆಂಬರ್ 12

ಮಿಷನ್ ಪತ್ರಿಕೆ ಬಂತು. ‘ಸಂತೋಷದಿಂದ ಕೊಟ್ಟ ತಾಯಿ.’ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಿವರ್ಟ್ ಓದಿ ಮಡಚಿ ಒಲೆಯ ಹತ್ತಿರ ಇಟ್ಟ. ಅವನ ಮುಖವೂ ಬತ್ತಿದೆ. ನನಗೆ ಅವನ ಮೇಲೆ ಸಿಟ್ಟು ಮಾಡುವಷ್ಟೂ ತ್ರಾಣವಿಲ್ಲ.

ದಿನ ಮೀರಿ ವಾರವಾಯಿತು. ನೋವಿನ ಸುಳಿವಿಲ್ಲ.

ಬೆಳಗಿನ ಊಟದ ಪ್ರಾರ್ಥನೆ ಇವತ್ತು ಗುಡ್ರುನ್ ಸರದಿ. ಕಣ್ಣು ಬಿಗಿಯಾಗಿ ಮುಚ್ಚಿ, ಗಟ್ಟಿಯಾಗಿ: “ದೇವ್ರೇ, ಪಾಪು ಒಳಗೇ ಇರ್ಲಿ. ಆಮೆನ್.”

ರಗ್ನಾನೂ “ಆಮೆನ್” ಎಂದಳು. ಬೆಣ್ಣೆ ದಾಟಿಸಿದೆ.

ಸೆಪ್ಟೆಂಬರ್ 16

ನಾನು ಹದಿಮೂರು ವರ್ಷದಿಂದ ಸೂಲಗಿತ್ತಿ. ಪ್ರಾರ್ಥನೆಗೆ ಹೆರಿಗೆ ನಿಲ್ಲುವುದಿಲ್ಲ ಎಂದು ಗೊತ್ತು. ಆದರೂ ಅವಳು ಕಣ್ಣು ಮುಚ್ಚಿದಾಗಲೆಲ್ಲ ನಾನು ದಿನ ಎಣಿಸುತ್ತೇನೆ. ಮಗು ಬಂದರೆ ಟಿಕೆಟ್ಟು, ಟಿಕೆಟ್ಟು ಬಂದರೆ… ಅವಳ ಲೆಕ್ಕ ಸರಿಯಾಗಿಯೇ ಇದೆ.

ಅಕ್ಟೋಬರ್ 3

ಎಷ್ಟು ದಿನವಾಯಿತು ಬರೆದು. 19ಕ್ಕೆ ಗಂಡುಮಗು. ಯೂನ್. ಬದುಕಿದ. ಬದುಕಿದ, ಅತ್ತ, ಹಾಲು ಕುಡಿದ. ನನಗೂ ಅಳು ಬಂತು. ಇಷ್ಟು ಬೇಕಿತ್ತು ನನಗೆ, ಇಷ್ಟೇ ಎಂದುಕೊಂಡಿದ್ದೆ.

ಗುಡ್ರುನ್ ಎರಡು ದಿನ ಕೋಣೆಗೆ ಬರಲಿಲ್ಲ. ಮೂರನೆಯ ದಿನ ಬಂದು ತೊಟ್ಟಿಲಿನೊಳಗೆ ಇಣುಕಿದಳು. ಬಹಳ ಹೊತ್ತು.

“ಇವನನ್ನ ತಗೊಂಡು ಹೋಗೋಕೆ ನನ್ನ ಇಲ್ಲಿ ಬಿಡಬೇಕಾ?”

“ಹಾಗಲ್ಲ ಚಿನ್ನ.”

“ಮತ್ತೆ ಹೇಗೆ?”

ಅತ್ತೆ ಬಾಗಿಲಲ್ಲಿ ನಿಂತಿದ್ದರು. ಏಪ್ರನ್‌ನಲ್ಲಿ ಮುಖ ಮುಚ್ಚಿಕೊಂಡು ಹೊರಟುಹೋದರು.

ಅಕ್ಟೋಬರ್ 9, ಸಂಜೆ

ಸಿವರ್ಟ್‌ಗೆ ಹೇಳಿಯೇ ಬಿಟ್ಟೆ. ನಾನು ಇಲ್ಲೇ ಇರುತ್ತೇನೆ, ಮೂರೂ ಮಕ್ಕಳ ಜೊತೆ.

“ಇರು,” ಅಂದ. “ನಾನು ತಡೆಯಲ್ಲ ಇಂಗೆಬೋರ್ಗ್. ಒಬ್ಬನೇ ಹೋಗ್ತೀನಿ. ಕಮಿಟಿಗೆ ನಾನೇ ಹೇಳ್ತೀನಿ.”

ಜಗಳಕ್ಕೆ ಟೊಂಕ ಕಟ್ಟಿ ಹೋಗಿದ್ದೆ. ಬಾಗಿಲು ತೆರೆದೇ ಇತ್ತು.

ಅಕ್ಟೋಬರ್ 10

ನಿದ್ದೆಯಿಲ್ಲ. ಅಲ್ಲಿನ ಆಸ್ಪತ್ರೆಯಿಂದ ಕಾಗದ. ಮೇ ತಿಂಗಳಿಂದ ಹೆರಿಗೆಯಲ್ಲಿ ನಾಲ್ವರು ತೀರಿಕೊಂಡಿದ್ದಾರೆ. ಒಬ್ಬಳು ರಸುವಾ — ನನಗೆ ಬಟ್ಟೆ ಒಗೆದುಕೊಡುತ್ತಿದ್ದಳು. ‘ಸೂಲಗಿತ್ತಿ ಅಮ್ಮ ಯಾವಾಗ ಬರುತ್ತಾರೆ’ ಎಂದು ಕೇಳುತ್ತಿದ್ದಳಂತೆ.

ಇದು ಕಾರಣ ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ನಿಜ ಇಷ್ಟೇ ಅಲ್ಲ. ನನಗೆ ಅಲ್ಲಿಗೆ ಹೋಗಬೇಕು ಅನಿಸುತ್ತದೆ. ಇಲ್ಲಿ ನಾನು ಸ್ಲೈಡು ಬದಲಿಸುವವಳು, ಅಲ್ಲಿ ಬೇಕಾದವಳು. ಹೆತ್ತ ತಾಯಿ ಹೀಗೆ ಬರೆಯಬಹುದೇ? ಬರೆದಾಯಿತು.

ಅಕ್ಟೋಬರ್ 29, ಸೋಮವಾರ

ಬಿಟ್ಟು ಬಂದೆವು. ಮಕ್ಕಳ ಮನೆ ಬೆಚ್ಚಗಿದೆ, ಚೊಕ್ಕಟವಾಗಿದೆ. ಮೇಲ್ವಿಚಾರಕಿ ಒಳ್ಳೆಯವರು. ದೂರಲು ಒಂದು ಕೊರತೆಯಾದರೂ ಸಿಗಬಾರದಿತ್ತೇ.

ಗುಡ್ರುನ್ ಅಳಲಿಲ್ಲ. ನಾನು ಬಾಗಿ ತೋಳು ಚಾಚಿದೆ. ಅವಳು ಕೈ ಮುಂದೆ ಮಾಡಿ ನನ್ನ ಕೈ ಕುಲುಕಿದಳು, ಬಂದ ಅತಿಥಿಗಳಿಗೆ ಮಾಡುವ ಹಾಗೆ.

“ಪ್ರಯಾಣ ಸುಖವಾಗಲಿ,” ಎಂದಳು.

ನವೆಂಬರ್ 17, ಹಡಗಿನಲ್ಲಿ

ಸೆಕೆ ಶುರುವಾಗಿದೆ. ಯೂನ್ ಮೈತುಂಬಾ ಬೆವರುಸಾಲೆ.

ರಗ್ನಾಗೆ ಇವತ್ತು ಆರು. ಅಡುಗೆಯವರು ಕೇಕ್ ಮಾಡಿ ತಂದರು. ಊಟದ ಹಾಲ್‌ನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ಇವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂತುಬಿಟ್ಟಳು.

“ನಂಗೆ ಬೇಡ. ನಾನು ಐದೇ ಇರ್ತೀನಿ.”

“ಅದೆಲ್ಲಿ ಆಗುತ್ತೆ ಪುಟ್ಟಿ?” ಸಿವರ್ಟ್ ನಗಲು ನೋಡಿದ. “ಎಲ್ರೂ ದೊಡ್ಡೋರಾಗ್ಲೇಬೇಕು.”

“ಆರಾದ್ರೆ ಆಮೇಲೆ ಏಳು ಬರುತ್ತೆ.”

ಅವನು ಎದ್ದು ಡೆಕ್ಕಿಗೆ ಹೋದ. ಅವಳು ನನ್ನ ಕಡೆ ತಿರುಗಿದಳು. ಅಕ್ಕನ ಹಾಗಲ್ಲ ಇವಳು, ಉತ್ತರ ಸಿಗುವ ತನಕ ಬಿಡುವುದಿಲ್ಲ.

“ಅಮ್ಮ, ನಂಗೆ ಏಳಾದಾಗ ನೀನೇ ಕರ್ಕೊಂಡು ಹೋಗಿ ಬಿಡ್ತೀಯಾ, ಇಲ್ಲಾ ಬೇರೆಯವ್ರ ಜೊತೆ ಕಳಿಸ್ತೀಯಾ?”

ಯೂನ್ ಅತ್ತ. ಎತ್ತಿಕೊಂಡು ಕ್ಯಾಬಿನ್ನಿಗೆ ಬಂದೆ. ಹಾಲು ಕುಡಿಸಿ ಮಲಗಿಸಿ, ಇದನ್ನೆಲ್ಲ ಬರೆಯುತ್ತಿದ್ದೇನೆ. ಹಿಂದೆಯೇ ಬಂದವಳು ಬಾಗಿಲ ಹತ್ತಿರ ನೆಲದ ಮೇಲೆ ಕೂತಿದ್ದಾಳೆ. ಕಾಯುತ್ತಿದ್ದಾಳೆ. ಎಷ್ಟು ಹೊತ್ತು ಬರೆಯುತ್ತಾ ಇರಲಿ… ಹೇಳಬೇಕು. ಈಗ ತಲೆ ಎತ್ತಿ ಅವಳಿಗೆ ಹೇಳುತ್ತೇನೆ.